ಮುಕ್ತ ತಂತ್ರಾಂಶದವರ ವಿದ್ವತ್ಸಭೆ: ಡೆಬ್‌ಕಾನ್ಫ್ ಸಮ್ಮೇಳನದ ಸ್ವರೂಪವಿಚಾರ

ಗ್ರಂಥವು ವಿದ್ಯೆಯನ್ನು ಕಾಪಾಡುತ್ತದೆ. ಸಭೆಯು ಅದನ್ನು ಶೋಧಿಸುತ್ತದೆ. ಒಬ್ಬನೇ ಕುಳಿತು ಓದಿದವನಿಗೆ ತನ್ನ ಓದಿನಲ್ಲಿರುವ ದೋಷವು ಕಾಣುವುದಿಲ್ಲ. ಅದು ಪ್ರತಿವಾದಿಯ ಮುಂದೆ ವಾಕ್ಯಾರ್ಥಕ್ಕೆ ಕುಳಿತಾಗ ಮಾತ್ರ ಹೊರಬೀಳುತ್ತದೆ. ಈ ಕಾರಣದಿಂದಲೇ ನಮ್ಮ ದೇಶದಲ್ಲಿ ಮಠಗಳೂ ಸಂಸ್ಥಾನಗಳೂ ವಿದ್ವತ್ಸಭೆಗಳನ್ನು ಕೂಡಿಸುತ್ತ ಬಂದುವು. ಗಣಕಯಂತ್ರದ ವಿದ್ಯೆಯು ತೀರ ಈಚಿನದಾದರೂ, ಅದರ ಒಂದು ಶಾಖೆಯವರು ಯಾವ ಅರಸನ ಆಶ್ರಯವೂ ಯಾವ ಒಬ್ಬ ಒಡೆಯನ ಆಜ್ಞೆಯೂ ಇಲ್ಲದೆ ಇಂಥ ಸಭೆಯನ್ನು ವರ್ಷಕ್ಕೊಮ್ಮೆ ನಡೆಸುತ್ತಿರುವರು. ಡೆಬಿಯನ್ ಎಂಬ ಸಂಘದವರ ‘ಡೆಬ್‌ಕಾನ್ಫ್’ ಎಂಬ ಸಮ್ಮೇಳನವೇ ಅದು. ಅದರ ಉಪನ್ಯಾಸಗಳ ಕ್ರಮವೇನು, ಉಳಿದ ಕಾರ್ಯಗಳಾವುವು, ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೂ ಭಾಷಾಧ್ಯಾಪಕರಿಗೂ ಅದರಿಂದ ತಿಳಿಯತಕ್ಕುದೇನು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

೧. ಮುಕ್ತ ತಂತ್ರಾಂಶ ಶಬ್ದದ ಅರ್ಥ

ಗಣಕಯಂತ್ರವು ಯಾವ ವಿಧಿಗಳ ಸಮುದಾಯವನ್ನು ಅನುಸರಿಸಿ ನಡೆಯುವುದೋ ಅದಕ್ಕೆ ತಂತ್ರಾಂಶವೆಂದು ಹೆಸರು. ಪ್ರತಿಯೊಂದು ತಂತ್ರಾಂಶಕ್ಕೂ ಎರಡು ರೂಪಗಳುಂಟು. ಮನುಷ್ಯನು ಬರೆದು ಮನುಷ್ಯನು ಓದಬಲ್ಲ ರೂಪ ಒಂದು. ಇದಕ್ಕೆ ಆಕರ ಅಥವಾ ಸೋರ್ಸ್ ಎನ್ನುವರು. ಅದನ್ನು ಮತ್ತೊಂದು ತಂತ್ರಾಂಶದಿಂದ ಪರಿವರ್ತಿಸಿದಾಗ ಹುಟ್ಟುವ, ಯಂತ್ರಕ್ಕೆ ನೇರವಾಗಿ ಗ್ರಾಹ್ಯವಾದ ಅಂಕೆಗಳ ರಾಶಿ ಇನ್ನೊಂದು. ಎರಡನೆಯದನ್ನು ಮಾತ್ರ ಪಡೆದವನು ಕೆಲಸ ನಡೆಸಿಕೊಳ್ಳಬಹುದೇ ಹೊರತು, ಒಳಗೇನಿದೆಯೆಂದು ಸುಲಭವಾಗಿ ತಿಳಿಯಲಾರನು, ತಪ್ಪಿದ್ದರೆ ತಿದ್ದಲಾರನು. ಮೂಲವನ್ನು ಮುಚ್ಚಿಟ್ಟು ಫಲವನ್ನು ಮಾತ್ರ ಮಾರುವ ಪದ್ಧತಿಯು ೧೯೭೦ರ ಮತ್ತು ೧೯೮೦ರ ದಶಕಗಳಲ್ಲಿ ಬಲಗೊಂಡಿತು.

ಇದಕ್ಕೆ ವಿರುದ್ಧವಾಗಿ ಅಮೆರಿಕಾದ ರಿಚರ್ಡ್ ಸ್ಟಾಲ್‌ಮನ್ ಅವರು ೧೯೮೩ರಲ್ಲಿ ‘ಗ್ನೂ’ ಎಂಬ ಕಾರ್ಯವನ್ನು ಘೋಷಿಸಿದರು. ೧೯೮೫ರಲ್ಲಿ ಅದಕ್ಕಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮತದಲ್ಲಿ ತಂತ್ರಾಂಶವನ್ನು ಪಡೆದವನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕು: ಯಾವ ಉದ್ದೇಶಕ್ಕಾದರೂ ಅದನ್ನು ಬಳಸುವುದು, ಆಕರವನ್ನು ಅಭ್ಯಾಸಮಾಡಿ ತಿದ್ದುವುದು, ಪ್ರತಿಮಾಡಿ ಇತರರಿಗೆ ಕೊಡುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ೧೯೮೯ರಲ್ಲಿ ಪ್ರಕಟವಾದ ಅವರ ಪರವಾನಗಿಯಲ್ಲಿ ಒಂದು ವಿಶೇಷವುಂಟು. ಈ ಸ್ವಾತಂತ್ರ್ಯಗಳನ್ನು ಪಡೆದು ಗ್ರಂಥವನ್ನು ಮುಂದಕ್ಕೆ ಹಂಚುವವನು, ತಾನು ಪಡೆದ ಹಕ್ಕುಗಳನ್ನೇ ಮುಂದಿನವನಿಗೂ ಕೊಡಲೇಬೇಕು. ನಡುವೆ ಬೇಲಿ ಹಾಕಕೂಡದು. ಕಲಿತವನು ಕಲಿಸಿದಲ್ಲದೆ ಋಷಿಋಣವು ತೀರದೆಂಬ ನಮ್ಮ ಹಿರಿಯರ ಭಾವನೆಗೆ ಇದು ಬಹಳ ಸಮೀಪವಾದುದು. ಭೇದವೇನೆಂದರೆ, ಅಲ್ಲಿ ಧರ್ಮದಿಂದ ಬಂದ ಕಟ್ಟು ಇಲ್ಲಿ ಗ್ರಂಥಸ್ವಾಮ್ಯದ ಕಾನೂನಿನಿಂದ ಬರುತ್ತದೆ. ‘ಓಪನ್ ಸೋರ್ಸ್’ ಎಂಬ ಹೆಸರು ೧೯೯೮ರಲ್ಲಿ ಹುಟ್ಟಿದುದು. ಇದೇ ವಸ್ತುವನ್ನು ವ್ಯವಹಾರದ ದೃಷ್ಟಿಯಿಂದ ಹೇಳುವ ಮಾತು.

೨. ಸಂಘವೂ ಸಮ್ಮೇಳನವೂ

ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿಯು ೧೯೯೩ನೆಯ ಆಗಸ್ಟ್ ೧೬ರಂದು ಡೆಬಿಯನ್ ಕಾರ್ಯವನ್ನು ಪ್ರಕಟಿಸಿದನು. ತನ್ನ ಹೆಸರನ್ನೂ ಡೆಬ್ರಾ ಎಂಬ ತನ್ನ ಪ್ರಿಯೆಯ ಹೆಸರನ್ನೂ ಕೂಡಿಸಿ ಅವನು ಈ ಶಬ್ದವನ್ನು ಕಟ್ಟಿದನು. ಲೋಕದಲ್ಲಿ ಬೇರೆ ಬೇರೆ ಜನರು ಬರೆದ ಮುಕ್ತ ತಂತ್ರಾಂಶಗಳನ್ನು ಸಂಗ್ರಹಿಸಿ, ಒಂದಕ್ಕೊಂದು ಹೊಂದುವಂತೆ ಸಂಸ್ಕರಿಸಿ, ಒಂದೇ ಸಂಪುಟವಾಗಿ ಯಾರಿಗಾದರೂ ಉಚಿತವಾಗಿ ಕೊಡುವುದು ಸಂಘದ ಕಾರ್ಯ. ೨೦೨೩ನೆಯ ಜೂನ್ ತಿಂಗಳಿನಲ್ಲಿ ಹೊರಬಿದ್ದ ಹನ್ನೆರಡನೆಯ ಆವೃತ್ತಿಯಲ್ಲಿ ೬೪,೦೦೦ಕ್ಕೂ ಮಿಕ್ಕ ಬಿಡಿಭಾಗಗಳಿದ್ದುವು. ಇವುಗಳಿಗೆ ಪ್ಯಾಕೇಜ್‌ಗಳೆಂದು ಹೆಸರು. ಒಂದೊಂದಕ್ಕೂ ಒಬ್ಬ ಪಾಲಕನೋ ಪಾಲಕರ ತಂಡವೋ ಇರುವುದು. ಪಾಲಕರಲ್ಲಿ ಹೆಚ್ಚಿನವರು ವೇತನವಿಲ್ಲದೆ ದುಡಿಯುವವರು.

ಸಂಘಕ್ಕೆ ೧೯೯೭ರಲ್ಲಿ ಅಂಗೀಕೃತವಾದ ಒಂದು ಸಾಮಾಜಿಕ ಒಡಂಬಡಿಕೆಯೂ, ೧೯೯೮ರಲ್ಲಿ ಅಂಗೀಕೃತವಾದ ಒಂದು ಸಂವಿಧಾನವೂ ಉಂಟು. ನಾಯಕನನ್ನು ಸದಸ್ಯರು ಪ್ರತಿವರ್ಷವೂ ಮತದಿಂದ ಆರಿಸುವರು. ಮತಹಾಕುವವನು ಒಬ್ಬನನ್ನೇ ಗುರುತಿಸದೆ, ಅಭ್ಯರ್ಥಿಗಳೆಲ್ಲರನ್ನೂ ತನ್ನ ಇಷ್ಟದ ಕ್ರಮದಲ್ಲಿ ಜೋಡಿಸುವನು. ಇಬ್ಬಿಬ್ಬರನ್ನು ಹೋಲಿಸಿದಾಗ ಯಾರು ಹೆಚ್ಚು ಜನಕ್ಕೆ ಮಾನ್ಯನೋ ಅವನು ಆಯ್ಕೆಯಾಗುವನು. ‘ಇವರಲ್ಲಿ ಯಾರೂ ಬೇಡ’ ಎಂಬುದಕ್ಕೂ ಪಟ್ಟಿಯಲ್ಲಿ ಒಂದು ಸ್ಥಾನವಿರುವುದು ಗಮನಾರ್ಹ.

ಇಂತಹ ಸದಸ್ಯರು ನಾನಾ ಖಂಡಗಳಲ್ಲಿ ಹರಡಿಕೊಂಡಿರುವರು. ಅವರ ದೈನಂದಿನ ವ್ಯವಹಾರವೆಲ್ಲ ಲೇಖನದಿಂದಲೇ ನಡೆಯುತ್ತದೆ. ಪರಸ್ಪರ ಮುಖ ನೋಡದವರು ಒಮ್ಮೆಯಾದರೂ ಕೂಡಬೇಕೆಂಬ ಅಪೇಕ್ಷೆಯಿಂದ ೨೦೦೦ದಲ್ಲಿ ಫ್ರಾನ್ಸ್ ದೇಶದ ಬೋರ್ಡೊ ಪಟ್ಟಣದಲ್ಲಿ ಮೊದಲನೆಯ ಡೆಬ್‌ಕಾನ್ಫ್ ನಡೆಯಿತು. ಗಣಕಶಾಸ್ತ್ರದವರು ಸೊನ್ನೆಯಿಂದ ಎಣಿಸುವ ರೂಢಿಯುಳ್ಳವರಾದುದರಿಂದ ಅದಕ್ಕೆ ‘ಡೆಬ್‌ಕಾನ್ಫ್ ೦’ ಎಂದು ಹೆಸರಾಯಿತು. ಅಲ್ಲಿಂದ ಮುಂದೆ ಟೊರಾಂಟೊ, ಓಸ್ಲೊ, ಪೋರ್ತೊ ಅಲೆಗ್ರೆ, ಹೆಲ್ಸಿಂಕಿ, ಎಡಿನ್‌ಬರೊ, ನ್ಯೂಯಾರ್ಕ್ ಮೊದಲಾದ ಊರುಗಳಲ್ಲಿ ಸಭೆಯು ಸಂಚರಿಸಿತು. ೨೦೧೬ರಲ್ಲಿ ಆಫ್ರಿಕಾದ ಕೇಪ್‌ಟೌನಿನಲ್ಲಿಯೂ, ೨೦೧೮ರಲ್ಲಿ ಏಷ್ಯಾಖಂಡದಲ್ಲಿ ಮೊದಲ ಸಲ ತೈವಾನಿನ ಷಿನ್‌ಚು ನಗರದಲ್ಲಿಯೂ ನೆರೆಯಿತು. ಒಂದೇ ಊರಿಗೆ ಅಂಟಿಕೊಳ್ಳದೆ ವರ್ಷಕ್ಕೊಂದು ನೆಲವನ್ನು ಅರಸುವ ಈ ಪದ್ಧತಿಯಿಂದ, ದೂರದ ದೇಶದ ಬಡ ವಿದ್ಯಾರ್ಥಿಗೂ ಒಂದಲ್ಲ ಒಂದು ವರ್ಷ ಸಭೆಯು ಸಮೀಪವಾಗುತ್ತದೆ. ಪ್ರಯಾಣದ ವೆಚ್ಚ, ಊಟ, ವಸತಿಗಳಿಗೆ ಅರ್ಹರಾದವರಿಗೆ ಧನಸಹಾಯವನ್ನೂ ಕೊಡುವರು.

೩. ಸಭೆಯ ಕಾರ್ಯಕ್ರಮ

ಭಾರತದಲ್ಲಿ ಈ ಸಮ್ಮೇಳನವು ಮೊದಲ ಸಲ ೨೦೨೩ನೆಯ ಸೆಪ್ಟೆಂಬರ್ ೧೦ರಿಂದ ೧೭ರ ವರೆಗೆ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಸಂಘದ ಪ್ರಕಟಣೆಯಂತೆ ೩೫ ದೇಶಗಳ ೪೭೪ ಮಂದಿ ಸೇರಿದ್ದರು. ಉಪನ್ಯಾಸ, ಚರ್ಚೆ, ಕಾರ್ಯಶಿಬಿರಾದಿಗಳೆಲ್ಲ ಕೂಡಿ ೮೯ ಕಾರ್ಯಕ್ರಮಗಳು ನಡೆದುವು. ಅದನ್ನು ನಿದರ್ಶನವಾಗಿಟ್ಟುಕೊಂಡು ಸಭಾಕ್ರಮವನ್ನು ವಿವರಿಸಬಹುದು.

ಮೊದಲನೆಯದು ಶಿಬಿರ. ಸಮ್ಮೇಳನಕ್ಕೆ ಮುಂಚೆ ಸುಮಾರು ಒಂದು ವಾರ ‘ಡೆಬ್‌ಕ್ಯಾಂಪ್’ ಎಂಬ ಶಿಬಿರವಿರುವುದು. ಇದರಲ್ಲಿ ಉಪನ್ಯಾಸಗಳಿಗೆ ಪ್ರಾಧಾನ್ಯವಿಲ್ಲ. ಒಂದೇ ಭಾಗವನ್ನು ನೋಡಿಕೊಳ್ಳುವವರು ಒಂದೇ ಮೇಜಿನ ಸುತ್ತ ಕುಳಿತು, ಉಳಿದುಹೋದ ದೋಷಗಳನ್ನು ಪರಿಹರಿಸುವರು.

ಎರಡನೆಯದು ಉಪನ್ಯಾಸ. ಮಾತನಾಡಲಿಚ್ಛಿಸುವವರು ತಿಂಗಳುಗಳ ಮುಂಚೆ ವಿಷಯಸಂಗ್ರಹವನ್ನು ಕಳುಹಬೇಕು. ಒಂದು ಸಮಿತಿಯು ಅವುಗಳನ್ನು ಪರಿಶೀಲಿಸಿ ಆರಿಸುವುದು. ಸಂಘದ ನಾಯಕನು ವರ್ಷದ ವೃತ್ತಾಂತವನ್ನು ಸಭೆಗೆ ನಿವೇದಿಸುವ ಉಪನ್ಯಾಸವು ಪ್ರತಿ ಸಮ್ಮೇಳನದಲ್ಲಿಯೂ ಇರುವುದು. ಉಪನ್ಯಾಸದ ಕೊನೆಗೆ ಪ್ರಶ್ನೆಗಳಿಗೆ ಕಾಲವನ್ನು ಮೀಸಲಿಡುವರು. ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಾದ ‘ಮಿಂಚುಮಾತು’ಗಳಿಗೆ ಬೇರೆ ಹೊತ್ತುಂಟು, ಹೊಸಬರು ಸಭಾಕಂಪವನ್ನು ಕಳೆದುಕೊಳ್ಳಲು ಇದು ಒಳ್ಳೆಯ ಉಪಾಯ.

ಮೂರನೆಯದು ಗೋಷ್ಠಿ. ಒಂದು ವಿಷಯದಲ್ಲಿ ಆಸಕ್ತರಾದವರು ವೃತ್ತಾಕಾರವಾಗಿ ಕುಳಿತು ಚರ್ಚಿಸುವುದೇ ಇದರ ಲಕ್ಷಣ. ಇದಕ್ಕೆ ಅವರ ಪರಿಭಾಷೆಯಲ್ಲಿ ‘ಬಾಫ್’ ಎನ್ನುವರು. ಇಲ್ಲಿ ವಕ್ತೃ ಶ್ರೋತೃ ಎಂಬ ವಿಭಾಗವಿಲ್ಲ. ಸಮ್ಮೇಳನದ ಸ್ಥಾಯಿಯಾದ ಫಲವು ಅನೇಕ ವೇಳೆ ಈ ಗೋಷ್ಠಿಗಳಿಂದಲೇ ಹುಟ್ಟಿದೆಯೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ೨೦೧೩ರಲ್ಲಿ ಸ್ವಿಟ್ಸರ್ಲೆಂಡಿನ ವೊಮಾರ್ಕುಸ್ ಎಂಬಲ್ಲಿ ಸೇರಿದ್ದಾಗ, ಲೂನಾರ್ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ಸದಸ್ಯರು ಒಂದು ಗೋಷ್ಠಿಯನ್ನು ಕರೆದರು. ಪ್ರಶ್ನೆ ಇಷ್ಟೆ: ಆಕರವನ್ನು ಎಲ್ಲರಿಗೂ ತೋರಿಸಿದರೆ ಸಾಕೇ? ಯಂತ್ರಕ್ಕೆ ಕೊಟ್ಟ ರೂಪವು ಆ ಆಕರದಿಂದಲೇ ಹುಟ್ಟಿತೆಂಬುದಕ್ಕೆ ಪ್ರಮಾಣವೇನು? ಒಂದೇ ಆಕರದಿಂದ ಇಬ್ಬರು ಬೇರೆ ಬೇರೆಯಾಗಿ ಪರಿವರ್ತಿಸಿದರೂ ಕಾಲ, ಸ್ಥಳ, ಯಂತ್ರಗಳ ಭೇದದಿಂದ ಫಲದಲ್ಲಿ ಸಣ್ಣ ವ್ಯತ್ಯಾಸಗಳು ಬರುತ್ತಿದ್ದುವು. ಹೀಗಾಗಿ ಹೋಲಿಕೆ ಅಸಾಧ್ಯವಾಗಿತ್ತು. ಈ ವ್ಯತ್ಯಾಸಗಳನ್ನು ಒಂದೊಂದಾಗಿ ತೊಡೆದು, ಯಾರು ಎಲ್ಲಿ ಮಾಡಿದರೂ ಒಂದಂಕೆಯೂ ತಪ್ಪದ ಸಮಾನರೂಪವು ಬರುವಂತೆ ಮಾಡುವ ದೊಡ್ಡ ಕಾರ್ಯವು ಆ ಗೋಷ್ಠಿಯಿಂದ ಡೆಬಿಯನ್ನಿನಲ್ಲಿ ಆರಂಭವಾಗಿ, ಮುಂದೆ ಬೇರೆ ಸಂಘಗಳಿಗೂ ಹಬ್ಬಿತು. ಮೂಲಪ್ರತಿಯೊಡನೆ ನಕಲನ್ನು ಅಕ್ಷರಶಃ ತಾಳೆನೋಡುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ನಾಲ್ಕನೆಯದು ದೃಶ್ಯಶ್ರವ್ಯಗಳ ಸಂಗ್ರಹ. ಉಪನ್ಯಾಸಗಳಲ್ಲಿ ಬಹುಭಾಗವನ್ನು ಚಿತ್ರೀಕರಿಸಿ, ಅದೇ ಹೊತ್ತಿನಲ್ಲಿ ದೂರದವರಿಗೆ ಕಾಣಿಸಿ, ಅನಂತರ ಸಂಗ್ರಹದಲ್ಲಿಡುವರು. ಕ್ಯಾಮರಾ ಹಿಡಿಯುವುದು, ಧ್ವನಿಯನ್ನು ಸರಿಪಡಿಸುವುದು, ವಕ್ತೃವನ್ನು ಸಭೆಗೆ ಪರಿಚಯಿಸುವುದು ಇವೆಲ್ಲವೂ ಸಭಿಕರ ಕೆಲಸಗಳೇ. ಬೆಳಿಗ್ಗೆ ಉಪನ್ಯಾಸ ಮಾಡಿದ ವಿದ್ವಾಂಸನು ಮಧ್ಯಾಹ್ನ ಇನ್ನೊಬ್ಬನ ಉಪನ್ಯಾಸಕ್ಕೆ ಕ್ಯಾಮರಾ ಹಿಡಿದು ನಿಲ್ಲುವುದು ಅಲ್ಲಿ ಸಾಮಾನ್ಯ. ಸೇವೆಗೂ ಪಾಂಡಿತ್ಯಕ್ಕೂ ನಡುವೆ ಅಂತಸ್ತನ್ನೆಣಿಸದಿರುವುದು ಈ ಸಭೆಯಿಂದ ಕಲಿಯತಕ್ಕ ಗುಣ.

ಐದನೆಯದು ವಿನೋದ. ವಾರದ ಮಧ್ಯೆ ಒಂದು ದಿನ ಎಲ್ಲ ಕೆಲಸವನ್ನೂ ಬಿಟ್ಟು ಸುತ್ತಣ ಪ್ರದೇಶಗಳನ್ನು ನೋಡಲು ಹೋಗುವರು. ೨೦೦೫ರ ಹೆಲ್ಸಿಂಕಿ ಸಮ್ಮೇಳನದಿಂದ ‘ಚೀಸ್ ಮತ್ತು ವೈನ್’ ಕೂಟವೆಂಬ ಒಂದು ರೂಢಿ ಬಂದಿದೆ. ಒಬ್ಬೊಬ್ಬರೂ ತಮ್ಮ ತಮ್ಮ ನಾಡಿನ ತಿನಿಸನ್ನೋ ಪಾನೀಯವನ್ನೋ ತಂದು ಎಲ್ಲರಿಗೂ ಹಂಚುವರು. ಇದು ಕೇವಲ ಭೋಗವೆಂದು ತಿಳಿಯಲಾಗದು. ವರ್ಷವೆಲ್ಲ ಪತ್ರದಲ್ಲಿ ತೀಕ್ಷ್ಣವಾಗಿ ವಾದಿಸಿದ ಇಬ್ಬರು ಒಂದೇ ಪಂಕ್ತಿಯಲ್ಲಿ ಉಂಡ ಮೇಲೆ, ಮುಂದಿನ ವರ್ಷದ ವಾದದಲ್ಲಿ ಕಟುತ್ವವು ಕಡಮೆಯಾಗುವುದು ಮನುಷ್ಯಸ್ವಭಾವ.

೪. ಕೀಲಿಗೆ ರುಜು ಹಾಕುವ ವಿಧಿ

ಈ ಸಮ್ಮೇಳನದ ಕಾರ್ಯಗಳಲ್ಲಿ ಹೊರಗಿನವರಿಗೆ ಅತ್ಯಂತ ವಿಚಿತ್ರವಾಗಿ ತೋರುವುದು ಕೀಲಿಗಳಿಗೆ ರುಜು ಹಾಕುವ ವಿಧಿ. ಪಾಲಕನು ಪ್ಯಾಕೇಜನ್ನು ಸಂಘದ ಭಂಡಾರಕ್ಕೆ ಕಳುಹುವಾಗ, ಅದು ತಾನೇ ಕಳುಹಿದುದೆಂದು ತೋರಿಸುವ ಒಂದು ಮುದ್ರೆಯನ್ನು ಒತ್ತಬೇಕು. ಈ ಮುದ್ರೆಯು ಗಣಿತದಿಂದ ಸಿದ್ಧವಾದ ಒಂದು ಜೋಡಿಯಿಂದ ಹುಟ್ಟುತ್ತದೆ: ಒಂದು ಕೀಲಿ ಗುಪ್ತ, ಅದು ಪಾಲಕನಲ್ಲಿಯೇ ಇರತಕ್ಕುದು, ಇನ್ನೊಂದು ಪ್ರಕಟ, ಅದರಿಂದ ಯಾರಾದರೂ ಮುದ್ರೆಯ ಸತ್ಯತೆಯನ್ನು ಪರೀಕ್ಷಿಸಬಹುದು. ಆದರೆ ಇಂತಹ ಪ್ರಕಟ ಕೀಲಿ ಇಂತಹವರದೇ ಎಂಬುದಕ್ಕೆ ಸಾಕ್ಷಿ ಯಾರು? ಯಾವ ಸರ್ಕಾರವನ್ನೂ ಆಶ್ರಯಿಸದೆ ಸಂಘವು ಪರಸ್ಪರಸಾಕ್ಷ್ಯವನ್ನೇ ಅವಲಂಬಿಸಿತು.

ಕ್ರಮವು ಹೀಗಿದೆ. ಪ್ರತಿಯೊಂದು ಕೀಲಿಗೂ ನಲವತ್ತು ಸಂಕೇತಗಳ ಒಂದು ಬೆರಳಚ್ಚು ಉಂಟು. ಇಬ್ಬರು ಎದುರುಬದುರಾಗಿ ನಿಂತು, ತಮ್ಮ ತಮ್ಮ ಬೆರಳಚ್ಚನ್ನು ಕಾಗದದಲ್ಲಿ ಕೊಟ್ಟು, ರಹದಾರಿಯಂತಹ ಗುರುತುಪತ್ರವನ್ನು ತೋರಿಸುವರು. ಮುಖ, ಹೆಸರು, ಬೆರಳಚ್ಚು ಮೂರೂ ಹೊಂದಿದರೆ, ಬಳಿಕ ಒಬ್ಬನು ಇನ್ನೊಬ್ಬನ ಕೀಲಿಗೆ ತನ್ನ ಕೀಲಿಯಿಂದ ರುಜು ಹಾಕುವನು. ಇಂತಹ ರುಜುಗಳು ಸಾವಿರಾರು ಕೂಡಿದಾಗ ವಿಶ್ವಾಸದ ಒಂದು ಜಾಲವೇ ಆಗುತ್ತದೆ. ಹೊಸಬನು ಸಂಘದ ಸದಸ್ಯನಾಗಬೇಕಾದರೆ ಹಳಬರ ರುಜು ಅವನ ಕೀಲಿಗೆ ಬೇಕೆಂಬುದು ನಿಯಮ.

ಈ ವಿಧಿಯೂ ನಿರ್ದುಷ್ಟವಲ್ಲ. ೨೦೦೬ರಲ್ಲಿ ಮೆಕ್ಸಿಕೋ ದೇಶದ ಓಅಷ್ಟೆಪೆಕ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಒಬ್ಬ ಸದಸ್ಯರು ಯಾವ ರಾಜ್ಯವೂ ಕೊಡದ ಗುರುತುಪತ್ರವೊಂದನ್ನು ತೋರಿಸಿದರು, ಬಹುಮಂದಿ ಆಕ್ಷೇಪಿಸಲಿಲ್ಲ. ಬಳಿಕ ಅವರೇ ಇದನ್ನು ಪ್ರಕಟಿಸಿ, ಪರೀಕ್ಷೆಯು ಹೆಸರಿಗೆ ಮಾತ್ರ ನಡೆಯುತ್ತಿದೆಯೆಂದು ತೋರಿಸಿಕೊಟ್ಟರು. ಸಂಘದಲ್ಲಿ ದೊಡ್ಡ ವಾದವೆದ್ದಿತು. ಪರೀಕ್ಷಕನನ್ನೇ ಪರೀಕ್ಷಿಸಬಹುದಾದ ಸಭೆಯು, ಪರೀಕ್ಷೆಯನ್ನು ಪ್ರಶ್ನಿಸಕೂಡದ ಸಭೆಗಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ.

೫. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವುಂಟು. ಈ ವಿದ್ಯೆಯವರ ಕೆಲಸವೆಲ್ಲ ದೂರದಿಂದಲೇ ನಡೆಯುವುದಾದರೆ ಸಮುದ್ರವನ್ನು ದಾಟಿ ಬಂದು ಕೂಡುವುದೇಕೆ? ೨೦೨೦, ೨೦೨೧ರ ಸಮ್ಮೇಳನಗಳು ಸಾಂಕ್ರಾಮಿಕರೋಗದ ಕಾರಣ ದೂರಸಂಪರ್ಕದಿಂದಲೇ ನಡೆದುವಲ್ಲ. ಉಪನ್ಯಾಸಗಳಿಗೆ ಅದರಿಂದ ಕೊರತೆಯೇನೂ ಆಗಲಿಲ್ಲ. ಆದ್ದರಿಂದ ಸಭೆಯು ಅಲಂಕಾರಮಾತ್ರ ಎಂಬುದು ಪೂರ್ವಪಕ್ಷ.

ಇದಕ್ಕೆ ಸಮಾಧಾನವನ್ನು ೨೦೨೪ರ ಒಂದು ಘಟನೆಯಿಂದ ಪಡೆಯಬಹುದು. ‘ಎಕ್ಸ್‌ಜೆಡ್’ ಎಂಬುದು ದತ್ತಾಂಶವನ್ನು ಸಂಕೋಚಿಸುವ ಒಂದು ಸಣ್ಣ ತಂತ್ರಾಂಶ. ಲೋಕದ ಅಸಂಖ್ಯಾತ ಯಂತ್ರಗಳಲ್ಲಿ ಇರುವಂತಹುದು. ಅದನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನ ಒಬ್ಬ ಸಹಾಯಕನು ೨೦೨೧ರಿಂದ ತಿದ್ದುಪಡಿಗಳನ್ನು ಕಳುಹುತ್ತ, ತಾಳ್ಮೆಯಿಂದ ವಿಶ್ವಾಸವನ್ನು ಸಂಪಾದಿಸಿ, ಕೊನೆಗೆ ತಾನೇ ಪಾಲಕನಾದನು. ಬಳಿಕ ೨೦೨೪ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಹೊರಬಂದ ಎರಡು ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಅಡಗಿತ್ತು. ಮಾರ್ಚ್ ೨೯ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ವಿದ್ವಾಂಸರು ಇದನ್ನು ಲೋಕಕ್ಕೆ ತಿಳಿಸಿದರು. ತಮ್ಮ ಯಂತ್ರದೊಳಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದೇಕೆಂದು ವಿಚಾರಿಸಹೊರಟು ಅವರು ಅದನ್ನು ಕಂಡುಹಿಡಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ಸೇರಿರಲಿಲ್ಲ. ಪರೀಕ್ಷೆಯಲ್ಲಿದ್ದ ಶಾಖೆಗಳಿಗೆ ಮಾತ್ರ ಸೇರಿತ್ತು.

ಇದರಲ್ಲಿ ಗ್ರಂಥಸಂಪಾದಕರು ಗಮನಿಸತಕ್ಕ ಅಂಶವೊಂದಿದೆ. ಕಳ್ಳಬಾಗಿಲನ್ನು ಎಚ್ಚರಿಸುವ ಪಂಕ್ತಿಗಳು, ಎಲ್ಲರೂ ನೋಡುವ ಮೂಲಭಂಡಾರದಲ್ಲಿ ಇರಲಿಲ್ಲ; ಅದರಿಂದ ತೆಗೆದುದೆಂದು ಹೇಳಿ ಹಂಚಿದ ಪ್ರತಿಯಲ್ಲಿ ಮಾತ್ರ ಇದ್ದುವು. ಎಂದರೆ ಇದು ಪ್ರಕ್ಷಿಪ್ತ. ಮೂಲಕ್ಕೂ ನಕಲಿಗೂ ಹೊಂದಿಕೆಯಿರಲಿಲ್ಲ, ಎರಡನ್ನೂ ತಾಳೆನೋಡಿದವನಿಲ್ಲ. ಲಿಪಿಕಾರನ ಪ್ರಮಾದದಿಂದ ಕಾವ್ಯದಲ್ಲಿ ಸೇರಿದ ಪದ್ಯವು ಅರ್ಥವನ್ನು ಕೆಡಿಸಬಹುದು. ಇಲ್ಲಿ ಬುದ್ಧಿಪೂರ್ವಕವಾಗಿ ಸೇರಿಸಿದ ಪಂಕ್ತಿಯು ಲೋಕದ ಯಂತ್ರಗಳ ಬಾಗಿಲನ್ನೇ ತೆರೆಯುವುದರಲ್ಲಿತ್ತು.

ಜಿಯಾ ಟಾನನು ಯಾರೆಂಬುದನ್ನು ಮುಖತಃ ಕಂಡು ಹೇಳಿದವರು ಯಾರೂ ಮುಂದೆ ಬರಲಿಲ್ಲ. ಮುಖ ಕಂಡಮಾತ್ರಕ್ಕೆ ಮೋಸವು ನಡೆಯದೆಂದಲ್ಲ. ಓಅಷ್ಟೆಪೆಕ್ಕಿನ ಸಂಗತಿಯೇ ಅದಕ್ಕೆ ನಿದರ್ಶನ. ಆದರೆ ಒಂಟಿಯಾಗಿ ದಣಿದಿದ್ದ ಆ ಹಳೆಯ ಪಾಲಕರಿಗೆ ನೆರವಾಗುವ ಗೆಳೆಯರು ಹತ್ತಿರವಿದ್ದಿದ್ದರೆ, ಅಪರಿಚಿತನ ಆಶ್ರಯವು ಅಷ್ಟು ಅನಿವಾರ್ಯವಾಗುತ್ತಿತ್ತೇ? ಸಭೆಯ ಮುಖ್ಯ ಪ್ರಯೋಜನ ಇಲ್ಲಿದೆ. ಉಪನ್ಯಾಸವನ್ನು ದೂರದಿಂದ ಕೇಳಬಹುದು. ಕೆಲಸದ ಭಾರದಿಂದ ಬಳಲಿದವನನ್ನು ದೂರದಿಂದ ಗುರುತಿಸುವುದು ಕಷ್ಟ. ಇದೇ ಸಿದ್ಧಾಂತ.

೬. ಕನ್ನಡಕ್ಕೆ ಇದರ ಸಂಬಂಧ

ಕರ್ಣಾಟಕಕ್ಕೆ ಈ ಬಗೆಯ ಸಭೆ ಹೊಸದಲ್ಲ. ಬೆಂಗಳೂರಿನಲ್ಲಿ ೨೦೦೧ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಆರಂಭವಾದ ಸಮ್ಮೇಳನವು ೨೦೦೫ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರನ್ನು ಬದಲಿಸಿಕೊಂಡು ೨೦೧೨ರ ವರೆಗೆ ನಡೆಯಿತು. ೨೦೨೩ರಲ್ಲಿ ಅದೇ ನಗರದಲ್ಲಿ ‘ಇಂಡಿಯಾಫಾಸ್’ ಎಂಬ ಸಮ್ಮೇಳನವೂ ಸೇರಿತು.

ಭಾಷಾವಿದರಿಗೆ ಇದರಲ್ಲಿ ಪಾಲಿದೆಯೆಂಬುದು ಹೀಗೆ. ಹಿಂದೆ ಗಣಕಯಂತ್ರದಲ್ಲಿ ಕನ್ನಡವನ್ನು ಅಚ್ಚಿಸಲು, ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತುಂಬುತ್ತಿದ್ದರು. ಒಂದೊಂದು ಸಂಸ್ಥೆಯ ಜೋಡಣೆ ಒಂದೊಂದು ಬಗೆ. ಆ ಅಕ್ಷರಮಾಲೆಯು ಕೈತಪ್ಪಿದರೆ ಲೇಖನವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುವುದು. ಹೀಗೆ ತಾಳೆಗರಿಯ ಗ್ರಂಥವು ಶತಮಾನಗಳ ತರುವಾಯವೂ ಓದಲು ಬರುತ್ತಿರುವಾಗ, ಮೂವತ್ತು ವರ್ಷದ ಹಿಂದೆ ಗಣಕದಲ್ಲಿ ಅಚ್ಚಿಸಿದ ಗ್ರಂಥವು ಪರಿವರ್ತನೆಯಿಲ್ಲದೆ ಓದಲು ಬಾರದ ಸ್ಥಿತಿಯುಂಟಾಯಿತು. ಲೋಕದ ಲಿಪಿಗಳಿಗೆಲ್ಲ ಸಮಾನವಾದ ಯೂನಿಕೋಡ್ ಸಂಕೇತವು ಈ ಅವ್ಯವಸ್ಥೆಯನ್ನು ತಪ್ಪಿಸಿತು. ಆದರೆ ಸಂಕೇತಮಾತ್ರದಿಂದ ಅಕ್ಷರವು ಕಾಣುವುದಿಲ್ಲ. ‘ಅರ್ಕ’ ಎಂಬ ಶಬ್ದದಲ್ಲಿ ಉಚ್ಚಾರಣೆಗೆ ರೇಫವು ಮೊದಲು, ಕಕಾರವು ಅನಂತರ. ಬರೆಹದಲ್ಲಿ ಕಕಾರವು ಮೊದಲು, ಅರ್ಕಾವೊತ್ತು ಅನಂತರ. ಸಂಕೇತವು ಉಚ್ಚಾರಣೆಯ ಕ್ರಮದಲ್ಲಿರುವುದು. ಅದನ್ನು ಬರೆಹದ ಕ್ರಮಕ್ಕೆ ತಿರುಗಿಸುವ ತಂತ್ರಾಂಶ ಬೇರೆ ಬೇಕು. ಡೆಬಿಯನ್ ಮೊದಲಾದ ಸಂಪುಟಗಳಲ್ಲಿ ಈ ಕಾರ್ಯವನ್ನು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶವು ನಡೆಸುತ್ತದೆ. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಮಾಲೆಗಳೂ ಅಲ್ಲಿ ದೊರೆಯುತ್ತವೆ. ಡೆಬಿಯನ್ನನ್ನು ಯಂತ್ರದಲ್ಲಿ ಸ್ಥಾಪಿಸುವ ಸಾಧನವು ಕನ್ನಡದಲ್ಲಿಯೂ ಮಾತನಾಡಬಲ್ಲುದು.

ವಿದ್ವಾಂಸರು ದೂರವುಳಿದರೆ ಏನಾಗುವುದೆಂಬುದಕ್ಕೆ ಹಳಗನ್ನಡದ ೞಕಾರವೇ ಸಾಕ್ಷಿ. ಯೂನಿಕೋಡ್ ಕೋಷ್ಠಕದಲ್ಲಿ ಈ ಅಕ್ಷರಕ್ಕೆ ಕನ್ನಡದ ‘ಫಾ’ ಎಂಬ ಹೆಸರು ತಪ್ಪಾಗಿ ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಗ್ರಂಥದ ನಿಯಮ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದನ್ನು ಉಪನಾಮವೆಂದು ಪಕ್ಕದಲ್ಲಿ ಸೇರಿಸಬೇಕಾಯಿತು. ಹಳಗನ್ನಡದ ಮೊದಲನೆಯ ಪಾಠವನ್ನು ಕಲಿತ ವಿದ್ಯಾರ್ಥಿಯೂ ತೋರಿಸಬಹುದಾಗಿದ್ದ ದೋಷವು ಶಾಶ್ವತವಾಯಿತು. ಇದಕ್ಕೆ ಪ್ರತಿಯಾಗಿ, ಪ್ರಾಚೀನ ಲೇಖನಗಳಲ್ಲಿ ಕಾಣುವ ನಕಾರಪೊಲ್ಲು ಎಂಬ ಚಿಹ್ನೆಯು ೨೦೨೧ರಲ್ಲಿ ಅದೇ ಕೋಷ್ಠಕದಲ್ಲಿ ತನ್ನ ಹೆಸರಿನಿಂದಲೇ ಸ್ಥಾನವನ್ನು ಪಡೆಯಿತು. ಆಧಾರಗಳನ್ನು ಕೂಡಿಸಿ ಬರೆದುಕೊಂಡವರಿದ್ದುದೇ ಇದಕ್ಕೆ ಕಾರಣ.

ಮುಕ್ತ ತಂತ್ರಾಂಶದವರ ಸಭೆಗೆ ಹೋಗಲು ತಂತ್ರಾಂಶವನ್ನು ಬರೆಯಬಲ್ಲವನೇ ಆಗಬೇಕೆಂಬ ನಿಯಮವಿಲ್ಲ. ಅನುವಾದಕರೂ ಅಕ್ಷರಶಿಲ್ಪಿಗಳೂ ದೋಷವನ್ನು ಕಂಡು ಬರೆದು ತಿಳಿಸುವವರೂ ಅಲ್ಲಿ ಸಭಿಕರೇ. ಒಂದು ಒತ್ತಕ್ಷರವು ತಪ್ಪಾಗಿ ಮೂಡಿದರೆ ಅದನ್ನು ಕಂಡವನು ದೋಷಪಟ್ಟಿಯಲ್ಲಿ ಬರೆಸಬಹುದು. ಅದು ಪರಿಹಾರವಾಗುವ ವರೆಗೆ ಎಲ್ಲರ ಕಣ್ಣಿಗೂ ಕಾಣುವಂತೆ ಅಲ್ಲಿಯೇ ಇರುವುದು. ಶಬ್ದದ ಸಾಧುತ್ವವನ್ನು ನಿರ್ಣಯಿಸಬಲ್ಲವರು ಆ ಪಟ್ಟಿಯ ಕಡೆಗೆ ಕಣ್ಣೆತ್ತಿ ನೋಡದಿದ್ದರೆ, ನಿರ್ಣಯವು ಶಬ್ದವನ್ನರಿಯದವರ ಕೈಯಲ್ಲಿ ಉಳಿಯುವುದು. ಮುಂದಿನ ತಲೆಯವರು ಪಂಪರನ್ನರನ್ನು ಯಾವ ಅಕ್ಷರಗಳಲ್ಲಿ ಓದುವರೆಂಬುದು ಅಂತಹ ಸಣ್ಣ ಸಣ್ಣ ನಿರ್ಣಯಗಳಿಂದಲೇ ಏರ್ಪಡುತ್ತಿದೆ.